ಅಜ್ಜಿಯನ್ನು ಕಡಲಿಗೆ ಮುಟ್ಟಿಸಿದ್ದು

ನಮ್ಮಜ್ಜಿಗೆ ಕೊನೆಗಾಲದಲ್ಲಿ ಇದ್ದದ್ದು ಒಂದೇ ಆಸೆ. ಸತ್ತ ಮೇಲೆ ತನ್ನ ಅಸ್ಥಿಯನ್ನು ಕೂಡಲಿಯಲ್ಲಿ ಬಿಡಬಾರದು, ಮಂಗಳೂರಿನ ಕಡಲಿಗೆ ಮುಟ್ಟಿಸಬೇಕು. ಇದನ್ನು ಅವಳು ಗುಟ್ಟಾಗಿ ಯಾರ ಕಿವಿಯಲ್ಲೂ ಹೇಳಿದವಳಲ್ಲ. ಊಟಕ್ಕೆ ಕೂತಾಗ, ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುವಾಗ, ಪಕ್ಕದ ಮನೆಯ ತಮಿಳು ಹೆಂಗಸು ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಾಗ, ಹೊತ್ತುಗೊತ್ತು ನೋಡದೆ ಹೇಳುತ್ತಿದ್ದಳು. ಆ ತಮಿಳು ಹೆಂಗಸಿಗೂ ಅದು ಬಾಯಿಪಾಠವಾಗಿ ಹೋಗಿತ್ತು.

ಅಪ್ಪನಿಗೆ ಈ ಮಾತು ಕೇಳಿದರೆ ತುತ್ತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು.

"ತುಂಗೆ ಭದ್ರೆ ಕೂಡೋ ಜಾಗ ಕಣವ್ವ ಅದು. ಜನ ಎಲ್ಲೆಲ್ಲಿಂದಲೋ ಬರ್ತಾರೆ. ಅಪ್ಪನೂ ಅಲ್ಲೇ ಹೋಗಿದ್ದು."

"ಅವರು ಹೋಗಲಿ ಮಾರಾಯ. ಆ ನೀರು ಮೂಡುದಿಕ್ಕಿಗೆ ಹೋಗ್ತದೆ, ಯಾರದೋ ಕಡಲಿಗೆ. ನನಗೆ ನನ್ನ ಕಡಲು ಉಂಟು."

ನಾವಿದ್ದದ್ದು ಭದ್ರಾವತಿಯಲ್ಲಿ. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಮೇಸ್ತ್ರಿ. ಶಿವಮೊಗ್ಗದ ಪಕ್ಕದ ಗದ್ದೆಗಳನ್ನು ಗೇಣಿಗೆ ಕೊಟ್ಟು, ಸಂಬಳ ನಂಬಿ ಬಂದವರು. ಅಮ್ಮ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ನನ್ನನ್ನು ಸಾಕಿದ್ದು, ಬೈದದ್ದು, ಅಪ್ಪನ ಜೊತೆ ಜಗಳವಾಡಿ ಓದಿಸಿದ್ದು ಎಲ್ಲ ಅಜ್ಜಿಯೇ. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳತೊಡಗಿದಾಗ, ಇಡೀ ಬೀದಿಗೆ ಸಿಹಿ ಹಂಚಿ ಬಂದವಳೂ ಅವಳೇ.

ಅವಳು ಘಟ್ಟದ ಮೇಲಿನವಳಲ್ಲ. ನಮ್ಮಜ್ಜ ಹರೆಯದಲ್ಲಿ ಶಿವಮೊಗ್ಗದಿಂದ ಅಕ್ಕಿ ಗಾಡಿ ಹೊಡೆದುಕೊಂಡು ಆಗುಂಬೆ ಘಾಟಿ ಇಳಿದು ಮಂಗಳೂರಿನ ಬಂದರಿಗೆ ಹೋಗುತ್ತಿದ್ದರಂತೆ. ಅಲ್ಲಿ ಅಕ್ಕಿ ಮಂಡಿಯಲ್ಲಿ ತೂಕ ಮಾಡುತ್ತಿದ್ದವರ ಜಗಲಿಯಲ್ಲಿ ಮಲಗುವುದು ವಾಡಿಕೆ. ಆ ತೂಕದವರ ಮಗಳೇ ನಮ್ಮಜ್ಜಿ. ಅಕ್ಕಿ ಇಳಿಸಿ ಹೆಣ್ಣು ಹೇರಿಕೊಂಡು ಬಂದ ಎಂದು ನೆಂಟರು ಅಜ್ಜನನ್ನು ಸಾಯುವತನಕ ಗೇಲಿ ಮಾಡಿದರು. ತಂದೆತಾಯಿ ಹೋದ ಮೇಲೆ ಅಜ್ಜಿಯ ತವರಿನ ದಾರಿ ಮುಚ್ಚಿತು. ಮಾತಿನಲ್ಲಿ ಮಾತ್ರ ಅವಳು ಆ ದಾರಿಯನ್ನು ಮುಚ್ಚಗೊಡಲಿಲ್ಲ. ನಾವೆಲ್ಲ ಇದೆ ಅಂದರೆ ಅವಳು ಉಂಟು ಅನ್ನುತ್ತಿದ್ದಳು.

ಭದ್ರಾವತಿಗೆ ಆಗ ನಾಲ್ಕೂ ಕಡೆಯಿಂದ ಜನ ಬಂದು ತುಂಬುತ್ತಿದ್ದರು. ನಮ್ಮ ಸಾಲಿನಲ್ಲೇ ತಮಿಳರು, ತೆಲುಗರು, ಉರ್ದು ಮಾತಾಡುವ ಫಿಟ್ಟರು. ಇಷ್ಟು ಥರದ ಜನ ಬೇರೆಲ್ಲೂ ಇರಲಿಕ್ಕಿಲ್ಲ ಎಂದು ಅಪ್ಪನಿಗೆ ಒಳಗೊಳಗೇ ಹೆಮ್ಮೆ. ಅಜ್ಜಿ ಮೂಗು ಮುರಿಯುತ್ತಿದ್ದಳು.

"ಇದೆಂತದು? ನಮ್ಮ ಬಂದರಿನಲ್ಲಿ ಬೆಳಿಗ್ಗೆ ಹಲ್ಲುಜ್ಜಿ ಮುಗಿಸುವುದರೊಳಗೆ ಇದಕ್ಕಿಂತ ಹೆಚ್ಚು ಭಾಷೆ ಕಿವಿಗೆ ಬೀಳ್ತಿತ್ತು."

ಆಮೇಲೆ ಅವಳ ಬಂದರು ಶುರುವಾಗುತ್ತಿತ್ತು. ಅರಬರ ಹಡಗುಗಳು ಖರ್ಜೂರ ತಂದು ಅಕ್ಕಿ ಒಯ್ಯುತ್ತಿದ್ದದ್ದು, ಆ ವ್ಯಾಪಾರ ಎಷ್ಟು ಹಳೆಯದೆಂದರೆ ಯಾವ ರಾಜರಿಗಿಂತಲೂ ಮೊದಲಿನದು ಅನ್ನುವುದು. ಪರಂಗಿಗಳು ಬಂದು ಊರು ಸುಟ್ಟದ್ದು, ಅವರಿಗೆ ಕಪ್ಪ ಕೊಡುವುದಿಲ್ಲ ಎಂದು ಹೊಳೆಯಾಚೆ ಉಳ್ಳಾಲದ ರಾಣಿ ಎದುರು ನಿಂತದ್ದು. ಸುಲ್ತಾನ ಹೊಳೆಯ ಬಾಯಿಗೆ ಕಲ್ಲಿನ ಕಾವಲು ಬತೇರಿ ಕಟ್ಟಿಸಿದ್ದು, ಕೊಂಕಣಿ ಕ್ರಿಸ್ತಾನರನ್ನು ಸಂಸಾರ ಸಮೇತ ಘಟ್ಟ ಹತ್ತಿಸಿ ಸೆರೆಗೆ ಒಯ್ದದ್ದು, ಅವರಲ್ಲಿ ಬದುಕಿ ಉಳಿದವರು ಅದೇ ಘಟ್ಟ ಇಳಿದು ಬಂದು ಮತ್ತೆ ಮನೆ ಕಟ್ಟಿದ್ದು. ಇವೆಲ್ಲ ಅವಳು ಹುಟ್ಟುವ ಮೊದಲಿನ ಸಂಗತಿಗಳು. ಹೇಳುವ ಧಾಟಿ ಮಾತ್ರ ನಿನ್ನೆ ಸಂಜೆ ಕಣ್ಣಾರೆ ನೋಡಿದವಳದು. ಕಣ್ಣಾರೆ ಕಂಡದ್ದೂ ಇತ್ತು. ಜರ್ಮನಿಯಿಂದ ಬಂದ ಪಾದ್ರಿಗಳು ಹೊಳೆಯ ಜೇಡಿಮಣ್ಣಿನಿಂದ ಹೆಂಚು ಸುಡಿಸುತ್ತಿದ್ದರಂತೆ. ಆ ಹೆಂಚು ಹಡಗು ಹತ್ತಿ ಅವಳು ಹೆಸರೂ ಕೇಳದ ದೇಶಗಳ ಮನೆಗಳ ಮಾಡು ಏರುತ್ತಿತ್ತಂತೆ.

ನಾನು ಇದನ್ನೆಲ್ಲ ಅರ್ಧಕ್ಕರ್ಧ ಕಳೆದು ಕೇಳುತ್ತಿದ್ದೆ. ಶಾಲೆಯಲ್ಲಿ ಚರಿತ್ರೆ ಹೇಳುವವಳು ನಾನು; ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಅಪ್ಪನಂತೂ ಕೇಳುತ್ತಲೇ ಇರಲಿಲ್ಲ, ಒಂದು ಕಡೆ ಬಿಟ್ಟು.

"ನಿಮ್ಮ ಇಕ್ಕೇರಿ ಅರಸರೇ ಅಲ್ವಾ ನಮ್ಮ ಬಂದರನ್ನು ಆಳಿದ್ದು," ಎಂದು ಅಜ್ಜಿ ಅಂದಾಗ ಅವರ ಮುಖ ಅರಳುತ್ತಿತ್ತು. "ಪರಂಗಿಗಳು ಅಕ್ಕಿ ಕೊಡಿ ಅಂತ ಕೈ ಒಡ್ಡಿದ್ದು ಇಲ್ಲಿಯವರ ಮುಂದೆಯೇ."

"ಅದು ನಿಜ ಇರಬಹುದು," ಅನ್ನುತ್ತಿದ್ದರು ಅಪ್ಪ.

ಪ್ರತಿ ಬೇಸಗೆಯಲ್ಲೂ ಅಜ್ಜಿ, ಒಂದು ಸಲ ಕರಕೊಂಡು ಹೋಗು ಮಾರಾಯ, ಕಡಲು ನೋಡಿ ಬರ್ತೇನೆ ಎಂದು ಕೇಳುವಳು. ಪ್ರತಿ ಬೇಸಗೆಯಲ್ಲೂ ಅಪ್ಪ, ಬರೋ ವರ್ಷ ಕರಕೊಂಡು ಹೋಗ್ತೀನಿ ಅನ್ನುವರು. ಒಮ್ಮೆ ಕುಲುಮೆ ಕೆಟ್ಟಿತು, ಒಮ್ಮೆ ರಜೆ ಸಿಗಲಿಲ್ಲ, ಆಮೇಲೆ ಯುದ್ಧ ಬಂತು. ಯುದ್ಧ ನಡೆಯುತ್ತಿದ್ದಾಗಲೇ ಒಂದು ಬೇಸಗೆಯಲ್ಲಿ, ಶಿವಮೊಗ್ಗದ ನಮ್ಮ ಹಳೆಯ ಮನೆಗೆ ಹೋಗಿದ್ದಾಗ, ಅಜ್ಜಿ ಒಂದು ಮಧ್ಯಾಹ್ನ ಮಲಗಿದವಳು ಏಳಲಿಲ್ಲ.

ತುಂಗೆಯ ದಡದಲ್ಲಿ ದಹನವಾಯಿತು. ಅಸ್ಥಿಯನ್ನು ಮನೆಯೊಳಗೆ ತರುವಂತಿಲ್ಲವಾದ್ದರಿಂದ ಮಣ್ಣಿನ ಕುಡಿಕೆಯಲ್ಲಿ ತುಂಬಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಹಿತ್ತಲಾಚೆಯ ಹೊಂಗೆಮರಕ್ಕೆ ತೂಗುಹಾಕಿದರು. ದಾಯಾದಿಗಳೆಲ್ಲ ಕೂತು ಕೂಡಲಿಗೆ ಯಾವ ಗಾಡಿ, ಯಾವ ಹೊತ್ತು ಎಂದು ಮಾತಾಡತೊಡಗಿದರು. ನನಗೆ ಸಿಟ್ಟು ನೆತ್ತಿಗೇರಿತು.

"ಅವಳು ಇಷ್ಟು ವರ್ಷ ಹೇಳಿದ್ದು ಗೋಡೆಗಾ?" ಎಂದೆ. "ಬದುಕಿದ್ದಾಗ ಕರಕೊಂಡು ಹೋಗಲಿಲ್ಲ. ಈಗಲೂ ಹೋಗಲ್ಲ ಅಂದರೆ ನಾನೇ ತಗೊಂಡು ಹೋಗ್ತೀನಿ."

ಹೆಣ್ಣು ಅಸ್ಥಿ ಹೊರುವುದೆಂದರೇನು ಎಂದು ಒಬ್ಬರು ಬಾಯಿಗೆ ಕೈ ಇಟ್ಟರು. ಅಪ್ಪ ನನ್ನ ಮುಖ ನೋಡಲಿಲ್ಲ. ಎದ್ದು ಹೋಗಿ ಆ ಹೊಂಗೆಮರದ ಕೆಳಗೆ ನಿಂತು ಕುಡಿಕೆಯನ್ನೇ ದಿಟ್ಟಿಸಿದರು. ಒಳಗೆ ಬಂದು, "ಬಟ್ಟೆ ಕಟ್ಕೋ," ಅಂದರು ನನಗೆ. ಅಷ್ಟೇ.

ಪೆಟ್ರೋಲು ಸಿಗದ ಕಾಲ ಅದು. ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಹಿಂದುಗಡೆ ಒಂದು ದೊಡ್ಡ ಒಲೆ, ಅದಕ್ಕೆ ಗಾಳಿ ಹಾಕುವವನು ಒಬ್ಬ. ಅಸ್ಥಿ ಒಯ್ಯುವವರು ಕುಡಿಕೆಯನ್ನು ನೆಲಕ್ಕೆ ಇಡಬಾರದು. ಅಪ್ಪ ಅದನ್ನು ಬಟ್ಟೆಯ ಚೀಲದಲ್ಲಿಟ್ಟು ಮಡಿಲಲ್ಲಿ ಹಿಡಿದು ಕೂತಿದ್ದರು. ಕಂಡಕ್ಟರ್ ಬಂದ.

"ಚೀಲದಲ್ಲಿ ಎಂತದು? ಲಗೇಜಾದ್ರೆ ಮೇಲಕ್ಕೆ ಹಾಕಿ."

"ನಮ್ಮವ್ವ," ಅಂದರು ಅಪ್ಪ.

ಅವನು ಮುಂದಿನ ಸೀಟಿನಲ್ಲಿದ್ದ ಇಬ್ಬರನ್ನು ಎಬ್ಬಿಸಿ ನಮ್ಮನ್ನು ಅಲ್ಲಿ ಕೂರಿಸಿದ. ಅಲ್ಲಾಡುವುದು ಕಮ್ಮಿ ಎಂದ.

ದಾರಿಯುದ್ದಕ್ಕೂ ಅಪ್ಪ ಕುಡಿಕೆಗೆ ದಾರಿ ಹೇಳುತ್ತಿದ್ದರು. ಸತ್ತವರಿಗೆ ಊರು, ಹೊಳೆ, ತಿರುವು ತಿಳಿಸದಿದ್ದರೆ ಅವರು ಹಿಂದೆ ಉಳಿದುಬಿಡುತ್ತಾರೆ ಅನ್ನುವುದು ನಮ್ಮ ಮನೆತನದ ನಂಬಿಕೆ. ತೀರ್ಥಹಳ್ಳಿ ಬಂತು ಕಣವ್ವ. ಆಗುಂಬೆ ಬಂತು, ಇಲ್ಲಿಂದ ಸಣ್ಣ ಗಾಡಿ. ಮೈಸೂರು ಸೀಮೆ ಮುಗೀತು, ಇನ್ನು ಇಂಗ್ಲಿಷರ ಸೀಮೆ. ಕುಲುಮೆಯ ಮುಂದೆ ಗಂಟಲು ಹರಿಯುವ ಹಾಗೆ ಕೂಗುವ ಮನುಷ್ಯ ಇಷ್ಟು ಮೆಲ್ಲಗೆ ಮಾತಾಡಬಲ್ಲರು ಎಂದು ನನಗೆ ಗೊತ್ತಿರಲಿಲ್ಲ. ಮುಖ ಕಿಟಕಿಯ ಕಡೆ ತಿರುಗಿಸಿ ಅತ್ತೆ.

ಮರುದಿನ ಮಧ್ಯಾಹ್ನ ಮಂಗಳೂರು ಸೇರಿದೆವು. ಛತ್ರದ ಅಂಗಳದ ಮಾವಿನಮರಕ್ಕೆ ಕುಡಿಕೆ ತೂಗುಹಾಕಿ, ಕಾವಲಿಗೆ ಕೂರುತ್ತೇನೆಂದರು ಅಪ್ಪ. ಅಜ್ಜಿ ಊರು ನೋಡದೆ ಹೋಗುವುದು ಹೇಗೆ ಎಂದೆ ನಾನು. ಅವರಿಗೆ ಹೌದೆನ್ನಿಸಿತು. ಕುಡಿಕೆಯನ್ನು ಮತ್ತೆ ಕೈಗೆತ್ತಿಕೊಂಡು ಬಂದರಿನ ಕಡೆ ನಡೆದೆವು.

ಆ ಸಂಜೆಯನ್ನು ನಾನು ಹೇಗೆ ಹೇಳಲಿ? ಅಜ್ಜಿಯ ಮಾತಿನಲ್ಲಿ ನಾನು ಕಳೆದುಹಾಕಿದ್ದ ಅರ್ಧವೂ ಅಲ್ಲಿ ನಿಜವಾಗಿ ಎದ್ದು ನಿಂತಿತ್ತು. ಓಣಿಯ ಒಂದು ಕಡೆ ಮೆಣಸು, ಒಣಮೀನು, ಕಾಫಿಬೀಜದ ವಾಸನೆ. ಇನ್ನೊಂದು ಕಡೆ ಹಗ್ಗ, ಡಾಂಬರು. ಕಚ್ಛೀ ಸೇಠ್ ಗಾದಿಯ ಮೇಲೆ ಕೂತು ಗುಜರಾತಿಯಲ್ಲಿ ಬೈಯುತ್ತಿದ್ದರೆ, ಮೂಟೆ ಹೊರುವವರು ತುಳುವಿನಲ್ಲಿ ನಗುತ್ತಿದ್ದರು. ತಲೆಗೆ ಅಬ್ಬಲಿಗೆ ಮುಡಿದ ಹೆಂಗಸರು ಕೊಂಕಣಿಯಲ್ಲಿ ಚೌಕಾಸಿ ಮಾಡುತ್ತಿದ್ದರು. ಇಗರ್ಜಿಯ ಗಂಟೆ ಹೊಡೆಯಿತು, ಅದು ನಿಲ್ಲುವ ಮೊದಲೇ ಮಸೀದಿಯಿಂದ ಬಾಂಗ್ ಕೇಳಿತು, ಯಾರೂ ತಲೆ ಎತ್ತಿ ನೋಡಲಿಲ್ಲ. ಶಿವಮೊಗ್ಗದ ನಮ್ಮ ಹಳೆಯ ಮನೆಯ ಕಡೆ ಬೇರೆ ಬಟ್ಟೆಯವನೊಬ್ಬ ಬಂದರೆ ಬೀದಿಗೆ ಬೀದಿಯೇ ಬಾಗಿಲಿಗೆ ಬರುತ್ತದೆ.

ಆ ಮಸೀದಿಯನ್ನು ಹೊರಗಿನಿಂದಲೇ ನೋಡಿದೆ. ಹೆಂಚಿನ ಮಾಡು, ಒಳಗೆ ಕೆತ್ತನೆಯ ಮರದ ಕಂಬಗಳು. ಕಮಾನೂ ಗುಮ್ಮಟವೂ ಇಲ್ಲ. ಅರಬರು ಇಲ್ಲಿಗೆ ಬಂದಾಗ ಇಲ್ಲಿಯ ಬಡಗಿಯ ಕೈಯಲ್ಲೇ ತಮ್ಮ ದೇವರಿಗೆ ಮನೆ ಕಟ್ಟಿಸಿಕೊಂಡಿದ್ದರು, ಅದೂ ಈ ಪ್ರಪಂಚದಲ್ಲಿ ಇಂಗ್ಲಿಷ್ ರಾಜ್ಯ ಅನ್ನುವುದರ ಹೆಸರೇ ಇಲ್ಲದಿದ್ದ ಕಾಲಕ್ಕೆ. ಗೋದಾಮಿನ ಗೋಡೆಗೆ ಒರಗಿಸಿಟ್ಟ ಹೆಂಚಿನ ರಾಶಿಯ ಮೇಲೆ ಊರಿನ ಹೆಸರು ಅಚ್ಚೊತ್ತಿತ್ತು. ಅಪ್ಪ ಒಂದು ಹೆಂಚು ಎತ್ತಿ ಬೆರಳ ಗೆಣ್ಣಿನಿಂದ ಬಡಿದು ನಾದ ಕೇಳಿದರು. "ಒಳ್ಳೆ ಬೇಯಿಸಿದಾರೆ," ಎಂದು ಕುಡಿಕೆಗೆ ಹೇಳಿದರು.

ಗುರುಪುರ ಹೊಳೆಯ ದಡದ ಬತೇರಿಯ ಮೆಟ್ಟಿಲು ಹತ್ತಿ, ಕೋವಿ ಇಡುವ ಕಂಡಿಯಿಂದ ಕಣ್ಣು ಹಾಯಿಸಿದೆ. ಇದೇ ಕಂಡಿಯ ಆಚೆಯ ನೀರಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಬಂದಿದ್ದರು: ಕುದುರೆ ತಂದವರು, ಶಿಲುಬೆ ತಂದವರು, ತಕ್ಕಡಿ ತಂದವರು. ಬಂದವರು ಒಂದು ಮಾತು, ಒಂದು ತಿಂಡಿ, ಒಂದು ಮನೆ ಇಲ್ಲಿ ಬಿಟ್ಟುಹೋಗಿದ್ದರು. ಇಕ್ಕೇರಿಯ ಅರಸರ ಎತ್ತುಗಳೂ ಅಜ್ಜನ ಎತ್ತುಗಳೂ ಬೇರೆಬೇರೆ ಕಾಲದಲ್ಲಿ ಇದೇ ನೀರಿಗೆ ಅಕ್ಕಿ ಇಳಿಸಿದ್ದವು. ನಾನು ಮಕ್ಕಳಿಗೆ ಹೇಳುತ್ತಿದ್ದ ಚರಿತ್ರೆಯಲ್ಲಿ ರಾಜರು ಬರುತ್ತಿದ್ದರು, ಸಾಯುತ್ತಿದ್ದರು. ಒಂದು ಊರು ಇಷ್ಟು ಜನರನ್ನು ಒಳಗೆ ಬಿಟ್ಟುಕೊಂಡೂ ತಾನಾಗಿಯೇ ಉಳಿಯಬಹುದು ಅನ್ನುವುದು ಅದರಲ್ಲಿ ಎಲ್ಲೂ ಇರಲಿಲ್ಲ. ಅಕ್ಷರ ಬಾರದ ಆ ಮುದುಕಿ ಇಷ್ಟು ದೊಡ್ಡದನ್ನು ಸೆರಗಿನಲ್ಲಿ ಕಟ್ಟಿಕೊಂಡು ನಮ್ಮ ಒಲೆಯ ಮುಂದೆ ಕೂತಿದ್ದಳಲ್ಲ.

ಹೊತ್ತು ಮುಳುಗುವ ಮುಂಚೆ ದೋಣಿಯಲ್ಲಿ ಹೊಳೆ ದಾಟಿ ಕಡಲಿನ ದಂಡೆಗೆ ಹೋದೆವು. ಅಪ್ಪನೂ ನಾನೂ ಅದನ್ನು ನೋಡುತ್ತಿದ್ದದ್ದು ಅದೇ ಮೊದಲು. ಆಚೆ ದಡ ಹುಡುಕುವುದು ನಮ್ಮ ಕಣ್ಣಿನ ಅಭ್ಯಾಸ. ಹುಡುಕಿ ಹುಡುಕಿ ಕಣ್ಣು ಸೋತಿತು.

ಕುಡಿಕೆಯನ್ನು ಅಲ್ಲೇ ಬಿಟ್ಟಿದ್ದರೆ ಮುಗಿದಿತ್ತು. ಆದರೆ ಯಾರೋ ಪೂಜೆ ಮಾಡಿ ನೀರಿಗೆ ಎಸೆದ ತೆಂಗಿನಕಾಯಿಯೊಂದು ಅಲೆಯ ಜೊತೆ ತಿರುಗಿ ಬಂದು ಅಪ್ಪನ ಕಾಲ ಬುಡದಲ್ಲಿ ಬಿತ್ತು. ಮುಂದಿನ ಅಲೆ ಅದನ್ನು ಎಳೆದೊಯ್ದು ಮತ್ತೆ ತಂದು ಹಾಕಿತು. ಅಪ್ಪ ಎರಡು ಹೆಜ್ಜೆ ಹಿಂದೆ ಸರಿದು ಕುಡಿಕೆಯನ್ನು ಎದೆಗೆ ಅವುಚಿಕೊಂಡರು.

"ಇಲ್ಲಿ ಬೇಡ. ಇದು ಕೊಟ್ಟಿದ್ದನ್ನ ತಗೊಳ್ಳಲ್ಲ, ವಾಪಸ್ ಎಸೆಯತ್ತೆ. ಹೊಳೆಗೆ ಬಿಡಾಣ. ನಮ್ಮ ತುಂಗೆ ಭದ್ರೆ ಹುಟ್ಟೋ ಗುಡ್ಡದಲ್ಲೇ ಇಲ್ಲಿಯ ನೇತ್ರಾವತಿ ಹುಟ್ಟೋದು. ಹೊಳೆ ತಗೊಂಡಿದ್ದನ್ನ ವಾಪಸ್ ಕೊಡಲ್ಲ. ಒಂದು ಗಳಿಗೇಲಿ ತಾನೇ ಒಯ್ದು ಕಡಲಿಗೆ ಸೇರಿಸತ್ತೆ."

ನನಗೂ ಸರಿಯೆನ್ನಿಸಿತು. ಹೊಳೆಯ ದಡದಲ್ಲೇ ಹುಟ್ಟಿ ಬೆಳೆದವರು ನಾವು. ಹೊಳೆಯ ವಿಷಯದಲ್ಲಿ ಯಾರನ್ನಾದರೂ ಕೇಳಬೇಕು ಎಂದು ಅಪ್ಪನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಬೆಳಿಗ್ಗೆ ನೇತ್ರಾವತಿಯ ದಡಕ್ಕೆ ಹೋದೆವು, ರೈಲು ಸೇತುವೆಗಿಂತ ಕೊಂಚ ಕೆಳಗೆ. ಅಗಲವಾದ, ಶಾಂತವಾದ ನೀರು. ದೋಣಿಯ ಬ್ಯಾರಿ ಮುದುಕನೊಬ್ಬ ಚೀಲ ನೋಡಿ ಅರ್ಥ ಮಾಡಿಕೊಂಡು, "ಅಳಿವೆಯ ಬಾಯಿವರೆಗೆ ಕರಕೊಂಡು ಹೋಗಿ ಬಿಡ್ತೇನೆ, ಬನ್ನಿ," ಎಂದ. ಹೊಳೆ ಕಡಲು ಸೇರುವ ಜಾಗಕ್ಕೆ ಅಲ್ಲಿ ಅಳಿವೆ ಅನ್ನುತ್ತಾರೆ. ಅಪ್ಪ ಬೇಡವೆಂದರು. ಹೊಳೆಯೇ ಒಯ್ಯುವಾಗ ದೋಣಿ ಯಾಕೆ ಎಂದು ನನಗೆ ಪಿಸುಗುಟ್ಟಿದರು.

ಕುಡಿಕೆಯ ತಳಕ್ಕೆ ಮೊಳೆಯಿಂದ ಸಣ್ಣ ತೂತು ಮಾಡಿ ನೀರಿಗೆ ಬಿಡುವುದು ನಮ್ಮ ಪದ್ಧತಿ. ಅದು ಒಂದಷ್ಟು ದೂರ ತೇಲಿ, ನಿಧಾನವಾಗಿ ತುಂಬಿಕೊಂಡು ಮುಳುಗುತ್ತದೆ. ಬಿಟ್ಟವನು ಕೂಡಲೇ ಬೆನ್ನು ತಿರುಗಿಸಬೇಕು. ಕುಡಿಕೆ ಮುಳುಗಿತೆಂದು ದಡದವರು ಹೇಳುವ ತನಕ ಹಿಂದಿರುಗಿ ನೋಡಬಾರದು, ನೋಡಿದರೆ ಹೋಗುವವರ ಕಾಲು ತಡೆದಂತೆ. ಅಪ್ಪ ಸೊಂಟದ ಮಟ್ಟದ ನೀರಿಗೆ ಇಳಿದು, "ಕಡಲು ಹತ್ರ ಇದೆ ಕಣವ್ವ, ಹೋಗಿ ಬಾ," ಎಂದು ಕುಡಿಕೆ ಬಿಟ್ಟರು. ತಿರುಗಿ ಬಂದು ದಡದ ಕಲ್ಲಿನ ಮೇಲೆ ಊರಿನ ಕಡೆ ಮುಖ ಮಾಡಿ ನಿಂತರು.

ನಾನು ನೀರನ್ನೇ ನೋಡುತ್ತಿದ್ದೆ. ಕುಡಿಕೆ ಒಂದು ಸುತ್ತು ತಿರುಗಿತು. ಆಮೇಲೆ ಕಡಲಿನ ಕಡೆ ಹೋಗಲಿಲ್ಲ. ಮೇಲಕ್ಕೆ, ಸೇತುವೆಯ ಕಡೆಗೆ, ಘಟ್ಟದ ಕಡೆಗೆ ತೇಲತೊಡಗಿತು. ಗಾಳಿಯೇನೋ ಅಂದುಕೊಂಡೆ, ಗಾಳಿ ಇರಲಿಲ್ಲ. ಎಲೆ, ಕಡ್ಡಿ, ನೊರೆ ಎಲ್ಲ ಅದರ ಹಿಂದೆಯೇ ಮೇಲಕ್ಕೆ ಹೊರಟಿದ್ದವು. ಇಡೀ ಹೊಳೆ ಹುಟ್ಟಿದ ಕಡೆಗೇ ಹರಿಯುತ್ತಿತ್ತು.

ಹೇಳಿದರೆ ಅಪ್ಪ ತಿರುಗುತ್ತಾರೆ. ಹೇಳದಿದ್ದರೆ ಅಜ್ಜಿ ಘಟ್ಟಕ್ಕೇ ವಾಪಸು ಹೋಗುತ್ತಾಳೆ. ನಾನು ಸದ್ದಿಲ್ಲದೆ ಓಡಿ ಆ ಮುದುಕನ ದೋಣಿ ಹತ್ತಿದೆ, ತೇಲಿಹೋಗುತ್ತಿದ್ದ ಕುಡಿಕೆಯ ಬಿಳಿ ಬಟ್ಟೆಯತ್ತ ಕೈ ತೋರಿಸಿದೆ. ಅವನು ಏನೂ ಕೇಳದೆ ಕೋಲು ಊರಿದ. ಸೇತುವೆಯ ಕಂಬ ದಾಟಿದ ಮೇಲೆ ಕುಡಿಕೆ ಸಿಕ್ಕಿತು. ಬಟ್ಟೆಯ ಅಂಚು ಮಾತ್ರ ನೀರಿನ ಮೇಲಿತ್ತು. ಹಿಡಿಯಲೆಂದು ನಾನು ಕೈ ಚಾಚುವಷ್ಟರಲ್ಲಿ, ನನ್ನ ಬೆರಳಿಗೆ ತಾಗಿಯೇ ಅದು ಒಳಗೆ ಇಳಿದುಹೋಯಿತು.

ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಇಷ್ಟು ದೂರ ತಂದು, ಬಾಗಿಲವರೆಗೆ ತಂದು, ಒಳಗೆ ಕಳಿಸಲಾಗಲಿಲ್ಲವಲ್ಲ ಎಂದು. ತುಟಿಗೆ ಉಪ್ಪು ತಾಗಿತು. ಕಣ್ಣೀರು ಅಂದುಕೊಂಡೆ. ಆದರೆ ಅಷ್ಟು ಉಪ್ಪು ಕಣ್ಣೀರಿಗೆ ಇರುವುದಿಲ್ಲ. ಹೊಳೆಯ ನೀರನ್ನು ಬೊಗಸೆಯಲ್ಲಿ ಎತ್ತಿ ನಾಲಿಗೆಗೆ ಹಚ್ಚಿದೆ. ಬಾಯಿಗೆ ಇಡಲಾರದಷ್ಟು ಉಪ್ಪಾಗಿತ್ತು.

"ಕಡಲು ಏರುವ ಹೊತ್ತು," ಎಂದ ಮುದುಕ, ಅದರಲ್ಲೇನು ವಿಶೇಷ ಅನ್ನುವ ಹಾಗೆ. "ದಿನಾ ಬರ್ತದೆ, ದಿನಾ ಹೋಗ್ತದೆ."

ಪೂಜೆಗೆಂದು ತಂದು ಹೆಗಲ ಚೀಲದಲ್ಲಿಟ್ಟುಕೊಂಡಿದ್ದ ಚೊಂಬಿನಲ್ಲಿ ಆ ನೀರು ತುಂಬಿಕೊಂಡು ದಡಕ್ಕೆ ಬಂದೆ. ಅಪ್ಪ ಬಿಟ್ಟಲ್ಲೇ ನಿಂತಿದ್ದರು.

"ನೀರು ಕೆಳಗಿಂದ ತಳ್ತಿತ್ತು ಕಣೆ," ಅಂದರು, ಮುಖ ತಿರುಗಿಸದೆ. "ಅವ್ವನ್ನ ಬಿಟ್ಟಾಗ ಸೊಂಟಕ್ಕೆ ತಾಗ್ತು. ಅವಳು ಹೋಗ್ತಿಲ್ಲ. ಇದ್ದಾಗ ಕರಕೊಂಡು ಬರದೋನು ಈಗ್ಯಾಕೆ ತಂದೆ ಅಂತ ವಾಪಸ್ ಬರ್ತಿದಾಳೆ. ನಿಜ ಹೇಳು."

ಚೊಂಬು ಅವರ ಬಾಯಿಗೆ ಹಿಡಿದೆ. ಒಂದು ಗುಟುಕು ಕುಡಿದು ಮುಖ ಕಿವುಚಿದರು. ನನ್ನನ್ನು ನೋಡಿದರು.

"ಎಲ್ಲಿಯ ನೀರು ಇದು?"

"ಅವಳು ಮುಳುಗಿದ ಕಡೆಯದು. ಸೇತುವೆ ಆಚೆ."

"ಅಲ್ಲೀವರೆಗೂ ಬಂದಿದೆಯಾ ಕಡಲು?"

"ಬಂದಿದೆ ಅಪ್ಪ. ಅವಳು ಬರೋವರೆಗೆ ಕಾಯಲಿಲ್ಲ, ಅದೇ ಎದುರಿಗೆ ಬಂತು."

ಅಪ್ಪ ಚೊಂಬನ್ನು ನನ್ನ ಕೈಯಿಂದ ತೆಗೆದುಕೊಂಡು ಉಳಿದದ್ದನ್ನೂ ಕುಡಿದರು, ಪೂರ್ತಿಯಾಗಿ, ಕಣ್ಣಲ್ಲಿ ನೀರು ಬರುವ ತನಕ. ಆಮೇಲೆ ತಿರುಗಿ, ಮೊಣಕಾಲೂರಿ ಕೂತು, ಏರುತ್ತಿದ್ದ ಆ ನೀರಿಗೆ ಹಣೆ ಹಚ್ಚಿದರು.